ಪ್ಲಾಸ್ಟಿಕ್ಕಿನೊಳಗಿನ ಪದವಿ

"ಇದಕ್ಕೆ ಮುದ್ರೆ ಹಾಕೋಕಾಗಲ್ಲಮ್ಮ," ಎಂದಳು ಗಾಜಿನಾಚೆ ಕೂತಿದ್ದ ಗುಮಾಸ್ತೆ.

ಪುಟ್ಟಿಗೆ ಮೊದಲು ಅರ್ಥವೇ ಆಗಲಿಲ್ಲ. ಮೂವತ್ತನಾಲ್ಕು ದಾಟಿದ್ದರೂ ಮನೆಯವರ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಪರದೇಶಕ್ಕೆ ಹೋಗುವವರ ಕಾಗದಪತ್ರಗಳಿಗೆ ಸರ್ಕಾರದ ಮುದ್ರೆ ಒತ್ತುವ ಕಚೇರಿ ಅದು. ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ಅಂತೂ ಕಿಂಡಿಯ ತನಕ ಬಂದಿದ್ದಳು. ಪಾಸ್‌ಪೋರ್ಟು ಸರಿಯಿತ್ತು. ಶಾಲೆಯವರು ಕಳಿಸಿದ ನೇಮಕದ ಪತ್ರ ಸರಿಯಿತ್ತು. ಪೊಲೀಸರು ಕೊಟ್ಟ ಒಳ್ಳೆಯ ನಡತೆಯ ಚೀಟಿಯೂ ಸರಿಯಿತ್ತು. ಇನ್ನು ಇಂಗ್ಲಿಷ್ ಎಂ.ಎ. ಪದವಿ ಪತ್ರವಂತೂ ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಗುಮಾಸ್ತೆ ಉಗುರಿನಿಂದ ಟಕಟಕ ತಟ್ಟಿದ್ದು ಅದರ ಮೇಲೆಯೇ.

"ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದೀರಲ್ಲ. ಮುದ್ರೆ ಬೀಳಬೇಕಾದ್ದು ಅಸಲಿ ಕಾಗದದ ಮೇಲೆ, ಮುಂದೆ ಸಹಿ ಪಕ್ಕ ಒಂದು, ಬೆನ್ನ ಮೇಲೆ ಒಂದು. ಮಸಿ ಕಾಗದಕ್ಕೆ ಇಳೀಬೇಕು."

"ಪ್ಲಾಸ್ಟಿಕ್ ಮೇಲೇನೇ ಹಾಕಿಬಿಡಿ ಮೇಡಂ, ಪರವಾಗಿಲ್ಲ."

"ನಿಮಗೆ ಪರವಾಗಿಲ್ಲ. ಅಲ್ಲಿಯವರು ಒಪ್ಪಬೇಕಲ್ಲ."

ಹಿಂದಿನಿಂದ ಒಬ್ಬ ಗಂಡಸು, "ಏನಮ್ಮಾ, ಕೌಂಟರ್ ಮುಂದೆ ಸಂಸಾರ ಹೂಡಿದ್ದೀರಾ? ನಾವೂ ಮನೆಗೆ ಹೋಗಬೇಕು!" ಎಂದು ಗೊಣಗಿದ. ಗುಮಾಸ್ತೆ ಅವನ ಕಡೆ ಒಮ್ಮೆ ನೋಡಿದಳು, ಅಷ್ಟೆ, ಅವನು ಸುಮ್ಮನಾದ. ಆಮೇಲೆ ಅವಳು, ಬಾಯಿಮಾತಿಗೆ ನಂಬಿಕೆ ಬರುವುದಿಲ್ಲವೆಂದು ತಿಳಿದವಳಂತೆ, ಮೇಜಿನ ಮೇಲಿದ್ದ ತಾರೀಕಿನ ಮುದ್ರೆಯನ್ನು ಎತ್ತಿ ಹಾಳೆಯ ಹಿಂಬದಿಯ ಮೂಲೆಗೆ ಒತ್ತಿ ತೋರಿಸಿದಳು. ಮಸಿ ಹನಿಹನಿಯಾಗಿ ಕೂಡಿಕೊಂಡು ಜಾರಿತು. ಅದನ್ನವಳು ತನ್ನದೇ ಕರವಸ್ತ್ರದಿಂದ, ಮಗುವಿನ ಬಾಯಿ ಒರೆಸುವಷ್ಟು ಮೆತ್ತಗೆ, ಗುರುತೂ ಉಳಿಯದ ಹಾಗೆ ಒರೆಸಿದಳು. ಕರವಸ್ತ್ರ ಹಾಳಾಯಿತು.

"ಯೂನಿವರ್ಸಿಟಿಗೆ ಹೋಗಿ ಬೇರೆ ಪ್ರತಿ ಕೇಳಿ. ಇದನ್ನ ಹಿಂದಿರುಗಿಸಿದ್ರೆ ಹೊಸದು ಕೊಡ್ತಾರೆ."

"ಎಷ್ಟು ದಿನ ಆಗುತ್ತೆ?"

"ದಿನ ಅಲ್ಲಮ್ಮ, ತಿಂಗಳು. ಐದೋ ಆರೋ."

ಪುಟ್ಟಿ ಕಾಗದಗಳನ್ನು ಬಾಚಿಕೊಂಡು ಹೊರಬಂದಳು. ಮೆಟ್ಟಿಲ ಹತ್ತಿರ ಯಾರೋ ಕರೆದ ಹಾಗಾಯಿತು. ಆಗ ಗೊಣಗಿದ್ದ ಗಂಡಸೇ, ಇಷ್ಟು ಹೊತ್ತು ಕಾದ ಸಾಲನ್ನು ಬಿಟ್ಟು ಓಡಿ ಬಂದಿದ್ದ. "ನಿಮ್ಮ ಫೋಟೊ ಬಿದ್ದಿತ್ತು," ಎಂದು ಪಾಸ್‌ಪೋರ್ಟ್ ಅಳತೆಯ ಚಿತ್ರವನ್ನು ಕೈಗಿತ್ತು, "ಬೇಜಾರು ಮಾಡ್ಕೋಬೇಡಿ, ಹಸಿವಲ್ಲಿ ಏನೋ ಅಂದೆ," ಎಂದ. ಪುಟ್ಟಿ ತಲೆಯಾಡಿಸಿದಳು.

ಐದಾರು ತಿಂಗಳು! ಅವಳು ಹೊರಟಿದ್ದ ದೇಶದ ಕಾನೂನಿನಲ್ಲಿ ಮೊದಲ ಸಲ ಕೆಲಸದ ವೀಸಾ ಕೇಳುವ ಶಿಕ್ಷಕರಿಗೆ ಮೂವತ್ತೈದು ತುಂಬಿರಬಾರದು. ಅವಳಿಗೆ ತುಂಬಲು ಎರಡೇ ತಿಂಗಳಿತ್ತು.

ಮೊದಲೇ ಯಾಕೆ ಹೋಗಲಿಲ್ಲ ಎಂದು ಕೇಳುವವರು ಕೇಳಬಹುದು. ಮೊದಲು ತಮ್ಮನ ಓದು ಮುಗಿಯಲಿ ಅಂದಳು. ತಮ್ಮನ ಓದು ಮುಗಿದು ಅವನು ಹೆಂಡತಿಯ ಊರಲ್ಲಿ ನೆಲೆಯಾಗುವ ಹೊತ್ತಿಗೆ ಅಮ್ಮನ ಗರ್ಭಕೋಶದ ಆಪರೇಷನ್ ಬಂತು. ಆಮೇಲೆ ಒಂದು ಸಂಬಂಧ ಇವತ್ತು ನಾಳೆ ಎನ್ನುತ್ತ ಎರಡು ವರ್ಷ ಜೋತಾಡಿ, ಕೊನೆಗೆ ಹುಡುಗ ಬೇರೆಯವಳನ್ನು ಕಟ್ಟಿಕೊಂಡ. ಅಷ್ಟೂ ಕಾಲ ಪುಟ್ಟಿ ಸೈಕಲ್ ಅಂಗಡಿಯ ಮೇಲಿನ ಟ್ಯುಟೋರಿಯಲ್ಲಿನಲ್ಲಿ, ಪರದೇಶಕ್ಕೆ ಹೋಗುವವರಿಗೆ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡಿಸುತ್ತಿದ್ದಳು. ಅವಳ ಕೈಯಲ್ಲಿ ಕಲಿತವರು ಒಬ್ಬೊಬ್ಬರಾಗಿ ಹಾರಿಹೋದರು. "ಮಿಸ್, ಇಲ್ಲಿ ಹಿಮ ಬಿದ್ದಿದೆ ನೋಡಿ," ಎಂದು ಫೋಟೊ ಕಳಿಸುತ್ತಿದ್ದರು. ಎಲ್ಲರನ್ನೂ ದಾಟಿಸಿ ತಾನು ಈಚೆ ದಡದಲ್ಲೇ ಉಳಿಯುವ ಅಂಬಿಗನ ಪಾಡು.

ಈ ಬಾರಿ ಅವಳೇ ಅರ್ಜಿ ಹಾಕಿದ್ದಳು. ಚಿಕ್ಕ ಊರಿನ ಚಿಕ್ಕ ಶಾಲೆ. ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ. ಫೋನಿನ ಪರದೆಯ ಮೇಲೆ ನಡೆದ ಸಂದರ್ಶನದಲ್ಲಿ ಕರೆಂಟು ಹೋದಾಗ ಅಲ್ಲಿನ ಮುಖ್ಯೋಪಾಧ್ಯಾಯಿನಿ, "ಕತ್ತಲಲ್ಲೂ ನಿಮ್ಮ ಉಚ್ಚಾರ ಸ್ಪಷ್ಟವಾಗಿದೆ," ಎಂದು ನಕ್ಕಿದ್ದರು. ಆ ನಗುವಿನಲ್ಲೇ ಪುಟ್ಟಿಗೆ ಕೆಲಸ ಸಿಕ್ಕಿತೆನಿಸಿತ್ತು. ಸಿಕ್ಕಿಯೂ ಇತ್ತು.

ಆದರೆ ಮನೆಗೆ ಹೋಗಿ ಹೇಳುವುದಾದರೂ ಹೇಗೆ? ಲ್ಯಾಮಿನೇಷನ್ ಮಾಡಿದವರು ಅವಳ ಅಪ್ಪನೇ.

ಕೋರ್ಟಿನ ಎದುರಿನ ಸಾಲಿನಲ್ಲಿ ಒಂದು ಬಾಗಿಲಿನಷ್ಟು ಅಗಲದ ಅಂಗಡಿ ಅವರದು. ಒಂದು ಜೆರಾಕ್ಸ್ ಯಂತ್ರ, ಒಂದು ಲ್ಯಾಮಿನೇಷನ್ ಯಂತ್ರ, ಒಂದು ಸ್ಟೂಲು. ಕಾಗದ ನೀರಿಗೆ ಹೆದರುತ್ತದೆ, ಗೆದ್ದಲಿಗೆ ಹೆದರುತ್ತದೆ, ಮನುಷ್ಯರ ಬೆವರು ಕೈಗೆ ಹೆದರುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ಯಾರಿಗೂ ಹೆದರಬೇಕಿಲ್ಲ ಎಂಬುದು ಅವರ ಬಾಳಿನ ಸಿದ್ಧಾಂತ. ಮನೆಯಲ್ಲಿ ಮದುವೆಯ ಫೋಟೊ, ಪುಟ್ಟಿಯ ತಮ್ಮ ಒಂದನೇ ತರಗತಿಯಲ್ಲಿ ಬರೆದ ಆನೆಯ ಚಿತ್ರ, ಸತ್ತುಹೋದ ಅಜ್ಜಿಯ ಕನ್ನಡಕದ ಚೀಟಿ, ಎಲ್ಲಕ್ಕೂ ಹೊದಿಕೆ. ಬೀದಿಯವರು ಅವರನ್ನು 'ಹೊಳಪಪ್ಪ' ಎಂದೇ ಕರೆಯುತ್ತಿದ್ದರು. "ಸುಮ್ನೆ ಒಂದು ಕಡೆ ಕೂರೋಕೂ ಭಯ," ಎಂದು ಅಮ್ಮ ಬಂದವರೆದುರು ಹಂಗಿಸುತ್ತಿದ್ದರು, "ಎಲ್ಲಿ ನನ್ನನ್ನೂ ಆ ಮಷೀನಿಗೆ ತೂರಿಸಿಬಿಡ್ತಾರೋ ಅಂತ."

ಪದವಿ ಪತ್ರ ಬಂದ ದಿನ ಅಪ್ಪ ಗಿರಾಕಿಗಳನ್ನೆಲ್ಲ ಆಮೇಲೆ ಬನ್ನಿ ಎಂದು ಕಳಿಸಿ, ಸೋಪು ಹಾಕಿ ಕೈ ತೊಳೆದು, ಅಂಗಡಿಯಲ್ಲಿದ್ದ ಅತಿ ದಪ್ಪದ ಹಾಳೆಯನ್ನು ತೆಗೆದಿದ್ದರು. ಯಂತ್ರದ ಉರುಳೆಗಳ ನಡುವಿನಿಂದ ಅದು ಬಿಸಿಬಿಸಿಯಾಗಿ ಹೊರಬರುವ ತನಕ ಉಸಿರು ಬಿಟ್ಟಿರಲಿಲ್ಲ. ಅವರ ವಂಶದಲ್ಲೇ ಮೊದಲ ಎಂ.ಎ. ಅದು. ಬೀದಿಯುದ್ದಕ್ಕೂ ತೋರಿಸಿ ಬಂದು, "ಇನ್ನು ನೂರು ವರ್ಷ ಇದಕ್ಕೆ ಏನೂ ಆಗಲ್ಲ ಪುಟ್ಟಿ," ಎಂದಿದ್ದರು.

ಈಗ ಅಡುಗೆಮನೆಯಲ್ಲಿ ಪುಟ್ಟಿ ಅಮ್ಮನ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದಳು. "ಅಪ್ಪಂಗೆ ಹೇಳಬೇಡ. ಬೇರೆ ಏನೋ ತೊಂದರೆ ಅಂತ ಹೇಳೋಣ."

"ಏನು ತೊಂದರೆ ಅಂತ?"

"ಏನೋ ಒಂದು."

"ನಿಂಗೆ ಸುಳ್ಳು ಹೇಳೋಕೆ ಬರಲ್ಲ, ನಂಗೆ ಮುಚ್ಚಿಡೋಕೆ ಬರಲ್ಲ. ಒಳ್ಳೆ ಜೋಡಿ ನಾವು," ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಪ್ಪ ಹೊಸ್ತಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನಡುಮನೆಗೆ ಹೋಗಿ ಅವಳ ಫೈಲಿನಿಂದ ಪದವಿ ಪತ್ರವನ್ನು ತೆಗೆದು, ಬೆಳಕಿಗೆ ಹಿಡಿದು, ಅಂಚನ್ನು ಹೆಬ್ಬೆರಳಿನಿಂದ ಸವರತೊಡಗಿದರು.

"ಬಿಸಿ ಮಾಡಿದ್ರೆ ಗೋಂದು ಸಡಿಲ ಆಗುತ್ತೆ," ಎಂದರು. "ಹಾಕಿದ ಕೈಗೆ ತೆಗೆಯೋಕೆ ಬರಲ್ವಾ?"

"ಬೇಡಾ ರೀ," ಎಂದರು ಅಮ್ಮ. "ಇದ್ದದ್ದೂ ಹೋದೀತು."

"ಇಟ್ಕೊಂಡು ಏನು ಮಾಡ್ತೀಯೇ? ಎರಡು ತಿಂಗಳಾದ ಮೇಲೆ ಅದು ಬರೀ ಗೋಡೆಗೆ."

ಅಮ್ಮ ಪುಟ್ಟಿಯ ಮುಖ ನೋಡಿದರು. ಅಪ್ಪನೂ ನೋಡಿದರು. ಬಿಸಿ ತುಪ್ಪ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು ಅವಳಿಗೆ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬೇಡವೆಂದರೆ ಬಾಗಿಲು ತಾನಾಗಿಯೇ ಮುಚ್ಚುತ್ತದೆ. ಹೂಂ ಎಂದರೆ?

"ಮಾಡಿ ಅಪ್ಪ," ಎಂದಳು.

ಅಪ್ಪ ದುಡುಕಲಿಲ್ಲ. ಒಂದು ವಾರ ಅಂಗಡಿಯ ಹಳೆಯ ಹಾಳೆಗಳ ಮೇಲೆ ಕೈ ಪಳಗಿಸಿಕೊಂಡರು. ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಹಾಕಿ ನೋಡಿದರು, ಕಾಗದ ಹಾಕಿ ನೋಡಿದರು, ಬಿಸಿ ಹೆಚ್ಚಿಸಿದರು, ಇಳಿಸಿದರು. ಒಂದು ದಿನ ಯಾರದೋ ಹಳೇ ಅಂಕಪಟ್ಟಿಯ ಜೆರಾಕ್ಸು ಇಡಿಯಾಗಿ, ಬಾಳೆಯ ಸಿಪ್ಪೆ ಸುಲಿದ ಹಾಗೆ ಕಳಚಿಕೊಂಡು ಬಂತು. "ಪುಟ್ಟಿ, ಬಂತು ಕಣಮ್ಮ!" ಎಂದು ಅವರು ಬೀದಿಗೇ ಕೇಳುವಂತೆ ಕೂಗಿದರು. ಪಕ್ಕದಂಗಡಿಯ ದರ್ಜಿ ಮಿಷನ್ನು ನಿಲ್ಲಿಸಿ ಇಣುಕಿ, "ಹೊಳಪಪ್ಪನೋರೇ, ಇಷ್ಟು ದಿನ ಹೊದಿಸಿದ್ದಾಯ್ತು, ಈಗ ಬಿಚ್ಚೋ ಅಂಗಡಿ ಇಟ್ರಾ?" ಎಂದ. ಎಷ್ಟೋ ದಿನದ ಮೇಲೆ ಎಲ್ಲರೂ ನಕ್ಕರು.

ಮಾರನೆಯ ಮಧ್ಯಾಹ್ನ ಅರ್ಧ ಷಟರ್ ಎಳೆದು ಕೂತರು. ವಿಷಯ ತಿಳಿದಿದ್ದ ದರ್ಜಿ, ಕೇಳದೆಯೇ ತನ್ನ ಒಳ್ಳೆಯ ಇಸ್ತ್ರಿಪೆಟ್ಟಿಗೆಯನ್ನು ತಂದಿಟ್ಟು ಸದ್ದಿಲ್ಲದೆ ಹೋದ. ಅಪ್ಪ ಬಿಸಿ ಒತ್ತಿದರು, ಬ್ಲೇಡಿನ ತುದಿಯಿಂದ ಮೂಲೆ ಎಬ್ಬಿಸಿದರು. ಪುಟ್ಟಿ ಇನ್ನೊಂದು ತುದಿ ಹಿಡಿದಳು. ಮೊದಲು ಅಂಚಿನ ಬಳ್ಳಿಯ ಚಿತ್ರ ಹೊರಬಂತು, ಏನೂ ಆಗಲಿಲ್ಲ. ಯೂನಿವರ್ಸಿಟಿಯ ಹೆಸರು ಬಂತು, ಏನೂ ಆಗಲಿಲ್ಲ. ಅವಳ ಹೆಸರೂ ಬಂತು. ಅಪ್ಪನ ಮೂಗಿನ ತುದಿಯಿಂದ ಬೆವರು ಹನಿ ಬೀಳುವುದರಲ್ಲಿತ್ತು. ಪುಟ್ಟಿ ದುಪಟ್ಟಾದ ತುದಿಯಿಂದ ಒರೆಸಿದಳು.

"ಇನ್ನೊಂದು ಚೂರು," ಎಂದರು ಅಪ್ಪ.

ಆ ಒಂದು ಚೂರಿನಲ್ಲಿ ಕುಲಪತಿಗಳ ಸಹಿಯಿತ್ತು, ಬಂಗಾರದ ಬಣ್ಣದ ಮೊಹರಿತ್ತು. ಜೆರಾಕ್ಸಿನ ಮಸಿ ಬೇರೆ, ಪೆನ್ನಿನ ಮಸಿ ಬೇರೆ. ಮೊಹರಿನ ತಗಡಂತೂ ಇನ್ನೂ ಬೇರೆ. ಚರ್‍ರ್ ಎಂದು ಸಣ್ಣ ಸದ್ದಾಯಿತು, ಅಷ್ಟೆ. ಸಹಿಯೂ ಮೊಹರೂ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಎದ್ದು ಬಂದವು. ಕಾಗದದ ಮೇಲೆ, ಚರ್ಮ ತರಚಿದ ಮೊಣಕಾಲಿನ ಹಾಗೆ, ಬಿಳಿಯ ಗಾಯವೊಂದು ಉಳಿಯಿತು.

ಅಪ್ಪ ಆ ಪ್ಲಾಸ್ಟಿಕ್ಕನ್ನು ಮತ್ತೆ ಕಾಗದದ ಮೇಲೆ ಮಲಗಿಸಿದರು. ಸಹಿ ಸರಿಯಾಗಿ ತನ್ನ ಜಾಗದಲ್ಲಿ ಕೂತ ಹಾಗೆ ಕಂಡಿತು. ಕೈ ತೆಗೆದರೆ ಮತ್ತೆ ಎದ್ದಿತು. ಇನ್ನೊಮ್ಮೆ ಮಲಗಿಸಿದರು.

"ಸಾಕು ಅಪ್ಪ," ಎಂದಳು ಪುಟ್ಟಿ.

ಅದನ್ನೇ ಹಿಡಿದು ಮಾರನೆಯ ದಿನ ಅವಳು ಮತ್ತೆ ಆ ಕಚೇರಿಗೆ ಹೋದಳು. ಏನಾಗುತ್ತದೆಂದು ಗೊತ್ತಿತ್ತು, ಆದರೂ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಗುಮಾಸ್ತೆ ಹಾಳೆ ನೋಡಿ ಬಯ್ಯಲಿಲ್ಲ. ಒಳಗೆ ಕರೆದು ತನ್ನ ಕುರ್ಚಿಯಲ್ಲೇ ಕೂರಿಸಿ, ತನ್ನ ಬಾಟಲಿಯ ನೀರು ಕೊಟ್ಟು, ಯೂನಿವರ್ಸಿಟಿಗೆ ತಾನೇ ಫೋನು ಹಚ್ಚಿದಳು. "ಒಂದು ಹೆಣ್ಣುಮಗಳ ಜೀವನದ ಪ್ರಶ್ನೆ ಸಾರ್... ನಿಮ್ಮ ಮಗಳು ಅಂತ ತಿಳ್ಕೊಳ್ಳಿ... ಹೂಂ... ಹೂಂ..." ಎನ್ನುತ್ತ ಹೋದವಳ ದನಿ ಇಳಿಯುತ್ತ ಬಂತು. ಪರೀಕ್ಷೆಗಳ ಕಾಲ. ಅದು ಮುಗಿದು, ಸಭೆ ಸೇರಿ, ಅಚ್ಚಾಗಿ, ಹೊಸ ಕುಲಪತಿಗಳ ಸಹಿಯಾಗಬೇಕು. ಆರು ತಿಂಗಳಿಗೆ ಒಂದು ದಿನವೂ ಕಡಿಮೆ ಇಲ್ಲ.

"ನನ್ನ ಕೈಯಲ್ಲಿದ್ದಿದ್ರೆ..." ಎಂದು ಗುಮಾಸ್ತೆ ಅರ್ಧಕ್ಕೇ ನಿಲ್ಲಿಸಿದಳು. ಅವಳ ಕೈಯಲ್ಲಿದ್ದದ್ದು ಮುದ್ರೆ ಮಾತ್ರ.

ಪುಟ್ಟಿ ಶಾಲೆಗೆ ಇದ್ದದ್ದು ಇದ್ದ ಹಾಗೆ ಬರೆದಳು. ಮುಖ್ಯೋಪಾಧ್ಯಾಯಿನಿ ಪತ್ರ ಬರೆಯದೆ ಫೋನನ್ನೇ ಮಾಡಿದರು. ವೀಸಾ ಇಲಾಖೆಯವರ ಹತ್ತಿರ ತಾವೇ ಹೋಗಿ ಕೇಳಿದ್ದಾಗಿಯೂ, ವಯಸ್ಸಿನ ನಿಯಮವನ್ನು ಮಾತ್ರ ಯಾರೂ ಸಡಿಲಿಸುವುದಿಲ್ಲವೆಂದೂ ಹೇಳಿದರು. ನೇಮಕದ ಗಡುವಿನ ಕೊನೆಯ ದಿನದ ತನಕ ಆ ಜಾಗವನ್ನು ಯಾರಿಗೂ ಕೊಡುವುದಿಲ್ಲ ಎಂದರು. ಆಮೇಲೆ, ನಿಮಗೆ ಚಳಿ ಅಭ್ಯಾಸವಿಲ್ಲವೆಂದು ಇಲ್ಲಿ ನಿಮಗೆಂದು ಇಟ್ಟ ಕೋಣೆಯ ಕಿಟಕಿಗೆ ದಪ್ಪ ಪರದೆ ಹೊಲಿಸಿ ಹಾಕಿದ್ದೆ, ಎಂದರು. ಇದನ್ನು ಹೇಳದೆ ಇದ್ದಿದ್ದರೆ ಪುಟ್ಟಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಕೆಟ್ಟವರ ಕೈಯಲ್ಲಿ ಕಳೆದುಕೊಂಡದ್ದನ್ನು ಬೈದು ಮರೆಯಬಹುದು. ಇಲ್ಲಿ ಬೈಯಲು ಒಬ್ಬರೂ ಸಿಗಲಿಲ್ಲ.

ಕೊನೆಯ ದಿನವೂ ಬಂದು ಹೋಯಿತು. ಹುಟ್ಟುಹಬ್ಬಕ್ಕೆ ಮುಂಚೆಯೇ ಶಾಲೆಯಿಂದ ಎರಡು ಸಾಲಿನ ಪತ್ರ ಬಂತು. ಬೇರೊಬ್ಬರನ್ನು ನೇಮಿಸಿದ್ದರು.

ಅಪ್ಪ ಅಂಗಡಿಯಲ್ಲಿ ಯಂತ್ರದ ಉರುಳೆಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅವಳು ಪತ್ರದ ವಿಷಯ ಹೇಳಿದ ಮೇಲೂ ಒರೆಸುತ್ತಲೇ ಇದ್ದರು.

"ಕೆಟ್ಟ ಮೇಲೆ ಬುದ್ಧಿ ಬಂತು," ಎಂದರು ಯಂತ್ರಕ್ಕೆ ಹೇಳುವವರಂತೆ. ಆಮೇಲೆ, "ಪುಟ್ಟಿ, ನನ್ನ ಬೈಯಮ್ಮ."

"ಯಾಕಪ್ಪ ಬೈಯಲಿ?"

"ಬೈದುಬಿಡು. ಅವತ್ತಿಂದ ನೀನು ಒಂದು ಮಾತೂ ಅಂದಿಲ್ಲ. ನಿಮ್ಮಮ್ಮ ಆದ್ರೂ ದಿನಾ ಬೈತಾಳೆ, ಸುಖವಾಗಿರುತ್ತೆ. ನೀನು ಸುಮ್ನಿದ್ರೆ ಅನ್ನ ಇಳಿಯಲ್ಲ ಕಣಮ್ಮ."

ಪುಟ್ಟಿ ಬೈಯಲು ನೋಡಿದಳು. ಸೋಪು ಹಾಕಿ ಕೈ ತೊಳೆದು ಕೂತಿದ್ದ ಅಪ್ಪನೇ ಕಣ್ಣೆದುರು ಬಂದರು. ಹಾಗಾದರೆ ಪರವಾಗಿಲ್ಲ ಅಪ್ಪ ಎನ್ನೋಣವೆಂದುಕೊಂಡಳು. ಅದೂ ಬಾಯಿಗೆ ಬರಲಿಲ್ಲ, ಏಕೆಂದರೆ ಅದು ನಿಜವಾಗಿರಲಿಲ್ಲ. ಮಾತು ಕಲಿಸಿಯೇ ಹೊಟ್ಟೆ ಹೊರೆದವಳಿಗೆ, ಎರಡು ಭಾಷೆಗಳಲ್ಲಿ ಹುಡುಕಿದರೂ, ಎದುರಿಗೆ ಕೂತ ಮುದುಕನಿಗೆ ಕೊಡಲು ಒಂದು ಮಾತು ಸಿಗಲಿಲ್ಲ. ಬೈಗುಳವೂ ಇಲ್ಲ, ಕ್ಷಮೆಯೂ ಇಲ್ಲ.

"ಜೆರಾಕ್ಸ್ ಇದೆಯಾ?" ಎಂದು ಹೊರಗಿನಿಂದ ಯಾರೋ ಕೇಳಿದರು.

ಅಪ್ಪ ಏಳಲು ಹೋದರು. ಪುಟ್ಟಿ ಅವರ ಹೆಗಲು ಒತ್ತಿ ಕೂರಿಸಿ, ತಾನೇ ಹೋಗಿ ಕಾಗದ ಈಸಿಕೊಂಡಳು.

"ಎಷ್ಟು ಕಾಪಿ ಬೇಕು?" ಎಂದು ಕೇಳಿದಳು.

ಬೆನ್ನ ಹಿಂದೆ ಅಪ್ಪ ಅಳುತ್ತಿದ್ದದ್ದು ಕೇಳಿಸುತ್ತಿತ್ತು. ಅವಳು ತಿರುಗಲಿಲ್ಲ. ಯಂತ್ರದ ಮುಚ್ಚಳ ತೆರೆದು ಹಾಳೆಯನ್ನು ಕವುಚಿ ಹಾಕಿ, ಗುಂಡಿ ಒತ್ತಿದಳು.