ಎಲೆಕ್ಷನ್ನಿಗೆ ಒಪ್ಪಿಸಿದ ಕೋವಿ

ಎಲೆಕ್ಷನ್ ಬಂತೆಂದರೆ ಕೊಳತ್ತೂರು ಕಡೆಯ ಲೈಸೆನ್ಸ್ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರಬೇಕು. ಮತ ಎಣಿಕೆ ಮುಗಿದ ಮೇಲೆ ಚೀಟಿ ತೋರಿಸಿ ಬಿಡಿಸಿಕೊಳ್ಳಬೇಕು. ಮಾದಮ್ಮನ ಗಂಡ ಕೃಷ್ಣಪ್ಪ ಒಂದು ಸಲವೂ ಇದನ್ನು ತಪ್ಪಿಸಿದವನಲ್ಲ. ಅವನು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಈ ಸಲ ಮೈಕಿನ ಆಟೋ ಊರೊಳಗೆ ಬಂದದ್ದೇ ತಡ, ಮಾದಮ್ಮ ಅಟ್ಟದಿಂದ ಕೋವಿ ಇಳಿಸಿ, ಅವನದೇ ಹಳೆಯ ಪಂಚೆಯಲ್ಲಿ ಸುತ್ತಿ, ಮಗಳು ಅರ್ಚನಾಳನ್ನೂ ಹೊರಡಿಸಿಕೊಂಡು ಬಸ್ಸು ಹತ್ತಿದಳು. ತಮ್ಮದು ಕಾನೂನಿನಂತೆ ನಡೆಯುವ ಮನೆ ಎಂಬ ಸಣ್ಣ ಜಂಬ ಅವಳಿಗಿತ್ತು. ಪಾಪ, ಆ ಜಂಬವೇ ಅವಳನ್ನು ಹಳ್ಳಕ್ಕೆ ತಳ್ಳಿತು.

ಎಸ್‌ಐ ಪ್ರಭಾಕರ್ ಲೈಸೆನ್ಸ್ ಪುಸ್ತಕ ತಿರುವಿದರು. "ಕೃಷ್ಣಪ್ಪ ಎಲ್ಲಮ್ಮಾ?"

"ತೀರ್ಕೊಂಡ್ರು ಸಾರ್, ಹೋದ ವರ್ಸ ಸಂಕ್ರಾಂತಿ ಆದ್ಮೇಲೆ, ತೈ ತಿಂಗ್ಳಲ್ಲಿ."

"ಹಂಗಾದ್ರೆ ಲೈಸೆನ್ಸೂ ಆವತ್ತೇ ಮುಗೀತು. ತಕ್ಷಣ ತಂದು ಇಲ್ಲಿ ಒಪ್ಪಿಸ್ಬೇಕಿತ್ತು. ಬೇಕಂದ್ರೆ ನಿಮ್ ಹೆಸ್ರಲ್ಲಿ ಬೇರೆ ಅರ್ಜಿ ಹಾಕ್ಬೇಕಿತ್ತು."

"ಪುಸ್ತಕದಲ್ಲಿ ಇನ್ನೂ ಎರಡು ವರ್ಸ ಐತಲ್ಲ ಸಾರ್?"

"ತೇದಿ ಐತೆ, ಆಳಿಲ್ಲವಲ್ಲಮ್ಮಾ. ಈಗ ಇದು ಲೈಸೆನ್ಸ್ ಇಲ್ಲದ ಕೋವಿ."

ಮಾದಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಹೊಡೆದು ಹಾಕಿದರೂ ಅಕ್ಕಿ ನಿಂತಿರಲಿಲ್ಲ. ಕೋವಿಯೂ ಹಾಗೆಯೇ ಮನೆಗೆ ಸೇರಿದ್ದು ಎಂದುಕೊಂಡಿದ್ದಳು.

ಪ್ರಭಾಕರ್ ನಳಿಗೆಯ ಬಾಯಿಗೆ ಮೂಗು ಹಿಡಿದರು. "ಮದ್ದಿನ ವಾಸನೆ ಐತೆ. ಯಾರು ಹೊಡ್ದಿದ್ದು?"

ಹೊಡೆದವಳು ಅರ್ಚನಾ. ಹೋದ ವಾರ ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದಾಗ ಆಕಾಶಕ್ಕೆ ಒಂದು ಈಡು ಹಾರಿಸಿದ್ದಳು. ಅವಳು ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಅವಳ ಮೇಲೆ ಕೇಸು ಉಂಟೋ ಇಲ್ಲವೋ ಎಂದು ಇದೇ ಠಾಣೆ ಬರೆದು ಕಳಿಸುವುದೊಂದೇ ಬಾಕಿ. ಅವಳ ಹೆಸರಲ್ಲಿ ಕೇಸಾದರೆ ಖಾಕಿ ಕೈತಪ್ಪಿದಂತೆಯೇ.

"ನಾನೇ ಸಾರ್," ಎಂದಳು ಮಾದಮ್ಮ. "ಹಂದಿ ಓಡ್ಸಕ್ಕೆ ಹೊಡ್ದೆ."

"ಅವ್ವಾ..." ಅರ್ಚನಾ ಬಾಯಿ ತೆರೆದಳು. ಮಾದಮ್ಮ ಅವಳ ಮಣಿಕಟ್ಟನ್ನು ಬಳೆ ನಾಟುವಂತೆ ಹಿಡಿದಳು.

ಪ್ರಭಾಕರ್ ಇಬ್ಬರನ್ನೂ ನೋಡಿದರು. "ಸುಳ್ಳು ಹೇಳ್ಬೇಡಿ. ಹೆಂಗೆ ತುಂಬ್ತೀರಿ, ತೋರ್ಸಿ ನೋಡಣ."

ಮಾದಮ್ಮ ಕೋವಿ ತೆಗೆದುಕೊಂಡಳು. ಮೂವತ್ತು ವರ್ಷ ಹೊಲದ ಬದುವಿನಲ್ಲಿ ಗಂಡನ ಪಕ್ಕ ದೀಪ ಹಿಡಿದು ನಿಂತವಳು ಅವಳು. ಹಿಡಿಯನ್ನು ನೆಲಕ್ಕೆ ಊರಿ, ಖಾಲಿ ಅಂಗೈಯನ್ನು ಬಟ್ಟಲು ಮಾಡಿ ತೋರಿಸಿದಳು. "ಮದ್ದು ಇಷ್ಟು. ಮೇಲೆ ತೆಂಗಿನ ನಾರು." ಸಲಾಕೆ ತೂರಿಸಿ ಮೂರು ಸಲ ಕುಟ್ಟಿದಳು. "ಆಮೇಲೆ ಸೀಸದ ಚರೆ. ತಿರ್ಗ ನಾರು. ಕೊನೇಗೆ ಕಿಡಿ ಹಚ್ಚೋ ಕೇಪು." ಕೈ ಎಲ್ಲೂ ತಡವರಿಸಲಿಲ್ಲ. ಮುಗಿದಾಗ, ತಾನೂ ಒಂದು ಪರೀಕ್ಷೆ ಪಾಸಾದೆ ಎಂದು ಅವಳಿಗೆ ಒಂದು ಗಳಿಗೆ ಖುಷಿಯೇ ಆಯಿತು.

ಪ್ರಭಾಕರ್ ನಿಟ್ಟುಸಿರು ಬಿಟ್ಟು ಕಾಗದ ಎಳೆದುಕೊಂಡು ಕೇಸು ಬರೆಯತೊಡಗಿದರು. ಮಾದಮ್ಮ, ಗಂಡ ಕೃಷ್ಣಪ್ಪ, ವಯಸ್ಸು ಐವತ್ತೆರಡು. ಜಾಮೀನು ಕೋರ್ಟಿನಲ್ಲೇ ಕೇಳಬೇಕು ಎಂದರು. ಬರೆಯುವುದನ್ನು ನಿಲ್ಲಿಸಿ ಅರ್ಚನಾಳತ್ತ ತಿರುಗಿದರು.

"ನಿಮ್ಮವ್ವ ಹೊಡ್ದಿದ್ದನ್ನ ನೀನು ಕಣ್ಣಾರೆ ನೋಡ್ದ್ಯಾ?"

ಮಾದಮ್ಮ ಮಗಳ ಮಣಿಕಟ್ಟು ಬಿಟ್ಟಿರಲಿಲ್ಲ.

"ನೋಡ್ದೆ ಸಾರ್," ಎಂದಳು ಅರ್ಚನಾ. "ಅವ್ವನೇ ಹೊಡ್ದಿದ್ದು."

ಆಗ ಮಾದಮ್ಮ ಮಗಳ ಕೈ ಬಿಟ್ಟಳು.