ನಡುವೆ ಬಿದ್ದ ಷಟಲ್

ಹಾರ ಹಾಕಲು ರೂಪಶ್ರೀ ಬಗ್ಗುತ್ತಿದ್ದಂತೆ ಹಿಂದಿನಿಂದ ಯಾರೋ ಭುಜ ಮುಟ್ಟಿದರು.

"ಸ್ವಲ್ಪ ಜಾಗ ಬಿಡಿ ಮೇಡಂ. ಸುಕನ್ಯಕ್ಕನ ಪಾರ್ಟ್ನರ್ ಬಂದಿದಾರೆ."

ರೂಪಶ್ರೀ ಸರಿದು ನಿಂತಳು. ಬೆಂಗಳೂರಿನಿಂದ ಬಂದ ಪ್ರಮೀಳಾ ಹೆಣದ ಕಾಲು ಹಿಡಿದು ಬಿಕ್ಕಿದಳು. ಸುಕನ್ಯಾಳ ಜೊತೆ ಆರು ವರ್ಷ ಡಬಲ್ಸ್ ಆಡಿದವಳು. ಎರಡು ಸಲ ದೇಶದ ಪರವಾಗಿ. ಪೇಪರಿನವನು ಫೋಟೊ ತೆಗೆದ. ಆಲ್ದೂರಿನ ಆ ಪುಟ್ಟ ಮನೆಯ ಅಂಗಳದ ತುಂಬ ಸುಕನ್ಯಾಳ ಹತ್ತಿರ ಆಟ ಕಲಿಯುತ್ತಿದ್ದ ಹುಡುಗಿಯರು. ಪ್ರಮೀಳಾಳಿಗಿಂತ ಮೊದಲು ಒಂಬತ್ತು ವರ್ಷ ಸುಕನ್ಯಾಳ ಪಕ್ಕದಲ್ಲಿ ನಿಂತು ಆಡಿದವಳು ರೂಪಶ್ರೀ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸತ್ತವಳನ್ನು ನೋಡಿಯೂ ಹೊಟ್ಟೆ ಉರಿಯುತ್ತದಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಉರಿ ಮಾತ್ರ ಆರಲಿಲ್ಲ.

*

ಸುಕನ್ಯಾಳನ್ನು ಕ್ಲಬ್ಬಿನ ಕೋರ್ಟಿಗೆ ಮೊದಲು ಕರೆದುಕೊಂಡು ಹೋದವಳೇ ರೂಪಶ್ರೀ. ಇವಳು ಎಸ್ಟೇಟಿನ ಧಣಿಯ ಮಗಳು, ಅವಳು ಅದೇ ಎಸ್ಟೇಟಿನ ಮೇಸ್ತ್ರಿ ಚೌಡಯ್ಯನ ಮಗಳು. ಆಡಲು ಒಬ್ಬರು ಜೊತೆ ಬೇಕಿತ್ತು, ಅಷ್ಟೆ. ಎರಡೇ ವರ್ಷದಲ್ಲಿ ಕ್ಲಬ್ಬಿನವರೆಲ್ಲ, "ಆ ಮೇಸ್ತ್ರಿ ಮಗಳ ಆಟ ನೋಡ್ಬೇಕು ಮಾರಾಯ" ಎನ್ನತೊಡಗಿದರು.

ರಾಜ್ಯ ಸೆಮಿಫೈನಲ್ಲಿನ ಕೊನೆಯ ಗೇಮ್. ಇವರದು ಹದಿಮೂರು, ಎದುರಿನವರದು ಹದಿನಾಲ್ಕು; ಇನ್ನೊಂದು ಪಾಯಿಂಟ್ ಹೋದರೆ ಸೋಲು. ಮುಂದಿನ ಸಾಲಿನಲ್ಲಿ ಕೂತ ಆಯ್ಕೆದಾರರ ಕಣ್ಣೆಲ್ಲ ಸುಕನ್ಯಾಳ ಮೇಲೆ. ಷಟಲ್ ಇಬ್ಬರ ನಡುವೆ ಇಳಿಯಿತು.

"ನಂದು!" ಎಂದಳು ರೂಪಶ್ರೀ. ಆ ಗಲಾಟೆಯಲ್ಲಿ ಅದು ಸುಕನ್ಯಾಳಿಗಷ್ಟೇ ಕೇಳಿಸಿತು. ಎತ್ತಿದ ರಾಕೆಟ್ ಇಳಿಸಿ ಅವಳು ಪಕ್ಕಕ್ಕೆ ಸರಿದಳು.

ರೂಪಶ್ರೀ ಕೈ ಎತ್ತಲಿಲ್ಲ.

ಸುಕನ್ಯಾಳೇ ಬಿಟ್ಟಳೆಂದು ಎಲ್ಲರೂ ತಿಳಿದರು. ಆದರೂ ಮರುವಾರ ಕ್ಯಾಂಪಿಗೆ ಕರೆ ಬಂದದ್ದು ಅವಳೊಬ್ಬಳಿಗೇ. ಅವಳನ್ನು ಬಸ್ ಹತ್ತಿಸಲು ರೂಪಶ್ರೀ ಹೋಗಲಿಲ್ಲ. ಸುಕನ್ಯಾ ಮಂಡಿ ಮುರಿದುಕೊಂಡು ಊರಿಗೆ ಮರಳಿದಾಗಲೂ, ಕಾಯಿಲೆ ಬಿದ್ದಾಗಲೂ ನೋಡಲು ಹೋಗಲಿಲ್ಲ.

*

"ರೂಪಕ್ಕ ಅಲ್ವಾ ನೀವು?" ಸುಕನ್ಯಾಳ ಗಂಡ ಸುರೇಂದ್ರ ಗುರುತು ಹಿಡಿದು, ಅವಳನ್ನು ಪ್ರಮೀಳಾಳ ಹತ್ತಿರ ಕರೆತಂದ. "ಇವ್ರೇ ನೋಡಿ, ಅವಳು ಹೇಳ್ತಿದ್ದೋರು."

ಪ್ರಮೀಳಾ ಅವಳ ಎರಡೂ ಕೈ ಹಿಡಿದುಕೊಂಡಳು. "ಗೆದ್ದ ದಿನಾನೂ ನಿಮ್ಮನ್ನೇ ನೆನೆಸ್ಕೊಂಡು ಅಳೋಳು. 'ಆವತ್ತು ಆ ಷಟಲ್ ನಾನು ಬಿಟ್ಟೆ, ಇಲ್ದಿದ್ರೆ ರೂಪನೂ ಬರ್ತಿದ್ಲು' ಅಂತ."

ರೂಪಶ್ರೀಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇದರಲ್ಲೂ ಸುಕನ್ಯಾಳೇ ಗೆದ್ದುಬಿಟ್ಟಳಲ್ಲ! ತಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಸುಳ್ಳು," ಎಂದಳು. ದನಿ ಏರಿತ್ತು. "ಅದು ನನ್ನ ಷಟಲ್. ನಂದು ಅಂತ ಕೂಗಿ, ಬೇಕಂತಲೇ ಬಿಟ್ಟೆ. ಹೊಟ್ಟೆಕಿಚ್ಚು ನಂಗೆ."

ಪ್ರಮೀಳಾ ಹಿಡಿದಿದ್ದ ಕೈ ಬಿಟ್ಟಳು. ಮಗಳ ತಲೆಯ ಬಳಿ ಕೂತಿದ್ದ ಸುಕನ್ಯಾಳ ತಾಯಿ ಅಣ್ಣಮ್ಮ ಕತ್ತೆತ್ತಿದಳು.

"ಅದನ್ನ ಅವಳಿಗೆ ಹೇಳ್ಬೇಕಿತ್ತು ರೂಪಮ್ಮ. ಹೋದ ತಿಂಗ್ಳೂ ಕೇಳಿದ್ಲು, ರೂಪ ಬಂದ್ಲಾ ಅಂತ."

ಅಣ್ಣಮ್ಮ ಬಿಳಿ ಬಟ್ಟೆ ಸರಿಸಿ ಮಗಳ ಬಲಗೈಯನ್ನು ಹೊರಗೆ ತೆಗೆದಳು.

"ಬನ್ನಿ. ಈಗ್ಲಾದ್ರೂ ಹೇಳಿ."

ರೂಪಶ್ರೀ ಮಂಡಿಯೂರಿದಳು. ಕಾಯಿಲೆ ಮೈಯನ್ನೆಲ್ಲ ತಿಂದುಹಾಕಿತ್ತು. ರಾಕೆಟ್ ಹಿಡಿದು ಅಂಗೈಯಲ್ಲಿ ಕಟ್ಟಿದ ಜಡ್ಡು ಮಾತ್ರ ಹಾಗೆಯೇ ಇತ್ತು. ಅದರ ಮೇಲೆ ಅವಳು ತನ್ನ ನುಣುಪಾದ ಅಂಗೈಯನ್ನಿಟ್ಟಳು. ಹೊತ್ತಾಯಿತೆಂದು ಸುರೇಂದ್ರ ಎರಡು ಸಲ ಕರೆದರೂ ತೆಗೆಯಲಿಲ್ಲ.