ಚಿಕ್ಕಮಾದು ಬಿದ್ದ ಗಳ

"ಆ ಉಚ್ಚೆ ಚೀಲ ಕಟ್ಕೊಂಡು ನನ್ ಬ್ಯಾರನ್ ತಾವ್ಕೆ ಬತ್ತೀಯಲ್ಲೋ ಬೋಳಿಮಗನೆ, ಮಾನ ಮರ್ವಾದೆ ಐತಾ? ಕಂಡ ಕಂಡ ಸೂಳೇರ ಸವಾಸ ಮಾಡಿ ರೋಗ ತಂದ್ಕೊಂಡು, ಈಗ ನನ್ ಬಾಗ್ಲಿಗೆ ಬಂದವ್ನೆ!"

ಮಹದೇವಪ್ರಸಾದ್ ಒದರುತ್ತಿದ್ದದ್ದು ನಮ್ಮ ಕೇರಿಯ ಚಿಕ್ಕಮಾದುವಿಗೆ. ನಾವು ಹೆಂಗಸರು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದೆ ಸಾಲಾಗಿ ಕೂತು ಕಡ್ಡಿಗಳಿಗೆ ಸೊಪ್ಪು ಕಟ್ಟುತ್ತಿದ್ದೆವು. ಚಿಕ್ಕಮಾದು ಬೇಲಿಯ ಹತ್ತಿರ ನಿಂತಿದ್ದ. ಕಿಬ್ಬೊಟ್ಟೆಯಿಂದ ಹೊರಟ ಸಣ್ಣ ಪೈಪು, ಅದರ ತುದಿಗೆ ಚೀಲ. ಚೀಲವನ್ನು ಸೊಂಟಕ್ಕಿಂತ ಕೆಳಗೇ ಇಟ್ಟುಕೊಳ್ಳಬೇಕು, ಮೇಲೆತ್ತಿದರೆ ಉಚ್ಚೆ ವಾಪಸು ಒಳಕ್ಕೇ ಹೋಗುತ್ತದೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಅದಕ್ಕೇ ತೊಡೆಗೆ ಕಟ್ಟಿಕೊಂಡಿದ್ದ. ಲುಂಗಿ ಮುಚ್ಚಿದರೂ ಉಬ್ಬು ಕಾಣುತ್ತಿತ್ತು.

ರೋಗ ಬಂದದ್ದು ಯಾವ ಸೂಳೆಯಿಂದಲೂ ಅಲ್ಲ, ಈ ಮಹಾನುಭಾವನ ಬ್ಯಾರನ್ನಿನಿಂದ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಒಳಗೆ ಸೂರಿನವರೆಗೂ ನೇತುಹಾಕಬೇಕು. ಒಬ್ಬ ಮೇಲೆ ಹತ್ತಿ, ಎರಡು ಅಡ್ಡ ಗಳಗಳ ಮೇಲೆ ಕಾಲು ಅಗಲಿಸಿ ನಿಂತು, ಕೆಳಗಿನವರು ಕೊಟ್ಟ ಕಡ್ಡಿಗಳನ್ನು ಈಸಿಕೊಳ್ಳಬೇಕು. "ಗಳಕ್ಕೆ ಉಳ ಬಿದ್ದದೆ ಬುದ್ದಿ" ಎಂದು ಹೋದ ವರ್ಷ ಚಿಕ್ಕಮಾದು ಹೇಳಿದ್ದ. "ನೀನೇನ್ ಆನೆಯೇನ್ಲಾ? ಹತ್ತು" ಎಂದಿದ್ದ ಈತ. ಗಳ ಮುರಿಯಿತು. ಚಿಕ್ಕಮಾದು ಕುದುರೆ ಹತ್ತಿದವನ ಹಾಗೆ ಕೆಳಗಿನ ಗಳದ ಮೇಲೆ ಕಾಲು ಇಬ್ಬದಿಗೆ ಬಿಟ್ಟು ಬಿದ್ದ. ಅಂದು ಉಚ್ಚೆಯ ದಾರಿಯಲ್ಲಿ ಬಂದದ್ದು ರಕ್ತ. ಆಮೇಲೆ ಗೋಡೆ ಹಿಡಿದು ಎಷ್ಟು ತಿಣುಕಿದರೂ ಹನಿ ಹನಿ. ಕೊನೆಗೆ ಅದೂ ನಿಂತು, ಹೊಟ್ಟೆ ಕಲ್ಲಾಗಿ, ಮೈಸೂರಿಗೆ ಹೊತ್ತುಕೊಂಡು ಹೋದೆವು. ಬಿದ್ದ ಪೆಟ್ಟಿಗೆ ಮೂತ್ರನಾಳ ಜಜ್ಜಿದೆ, ಗಾಯ ಮಾಯುತ್ತಾ ದಾರಿ ಮುಚ್ಚಿಕೊಂಡಿದೆ, ಆಪರೇಷನ್ ಮಾಡುವ ತನಕ ಹೊಟ್ಟೆಯ ಪೈಪೇ ಗತಿ ಎಂದರು ಡಾಕ್ಟರು.

ಆಸ್ಪತ್ರೆಯ ಹೊರೆ ತನ್ನ ತಲೆಗೆ ಬಂದೀತೆಂದು ಮಹದೇವಪ್ರಸಾದ್ ಬೇರೆ ಕತೆ ಕಟ್ಟಿದ. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹೆಂಗಸರಿಂದ ಅಂಟಿದ ರೋಗವಂತೆ. ವಿಭೂತಿ ಬಳಿದುಕೊಂಡವನ ಮಾತಲ್ಲವೇ, ಊರು ನಂಬಿತು; ಕಣ್ಣಾರೆ ಕಂಡ ಕೇರಿಯವರ ಮಾತು ಯಾರಿಗೂ ಬೇಡವಾಯಿತು. ನಲ್ಲಿಯ ಹತ್ತಿರ ಚಿಕ್ಕಮಾದುವಿನ ಹೆಂಡತಿ ಭದ್ರಮ್ಮನ ಕೊಡವನ್ನು ಕಾಲಲ್ಲಿ ಸರಿಸಿದರು. ಈಗ ಗಾವಡಗೆರೆಯಿಂದ ಅವಳ ಅಣ್ಣ ಮಂಚಯ್ಯ ತಂಗಿಯನ್ನು ಕರೆದೊಯ್ಯಲು ಬಂದು, ಬೇಲಿಯ ಹತ್ತಿರವೇ ಮುಖ ಗಂಟು ಹಾಕಿಕೊಂಡು ನಿಂತಿದ್ದ.

"ನಾನೆಲ್ ಬಿದ್ದೆ ಅಂತ ನಮ್ ಭಾವನ ಎದುರ್ಗೆ ಒಂದ್ ಮಾತು ಏಳ್ಬುಡಿ ಬುದ್ದಿ. ಇನ್ನೇನೂ ಬ್ಯಾಡ" ಎಂದ ಚಿಕ್ಕಮಾದು.

"ನನ್ ಬ್ಯಾರನ್ನಾಗೆ ನೊಣ ಸೈತ ಬಿದ್ದಿಲ್ಲ ಕಣ್ಲಾ. ನಿನ್ ಸಾಮಾನು ಕೊಳ್ತೋದ್ರೆ ನಾನೇನ್ ಮಾಡ್ಲಿ?" ಮಹದೇವಪ್ರಸಾದ್ ನಮ್ಮ ಸಾಲಿನಲ್ಲೇ ಕೂತಿದ್ದ ಭದ್ರಮ್ಮನ ಕಡೆ ತಿರುಗಿ ಹಲ್ಲು ಕಿರಿದ. "ನಿಂಗೂ ಅಂಟಿರ್ತದೆ, ತೋರಿಸ್ಕೋ ಹೋಗಮ್ಮಿ."

ಭದ್ರಮ್ಮ ಕೈಲಿದ್ದ ಕಡ್ಡಿ ಕೆಳಗಿಟ್ಟು ಎದ್ದಳು. ನಮಗೂ ಮೈ ಉರಿದುಹೋಯಿತು, ಎಲ್ಲರೂ ಎದ್ದೆವು. ಕಡ್ಡಿ ಏರಿಸಲು ಬಂದಿದ್ದ ಗಂಡಸರು ಮರದ ನೆರಳಿಗೆ ಹೋಗಿ ಬೀಡಿ ಹಚ್ಚಿದರು.

"ಹತ್ರೋ! ಸೊಪ್ಪು ಬೆಂದೋಯ್ತದೆ!"

ಯಾರೂ ಹತ್ತಲಿಲ್ಲ. ಕೊಯ್ದ ಸೊಪ್ಪು ರಾಶಿಯಲ್ಲೇ ಉಳಿದರೆ ಕಾವು ಏರಿ ಕಪ್ಪಾಗುತ್ತದೆ. ಅಂದೇ ಬ್ಯಾರನ್ ತುಂಬಬೇಕು. ಮಹದೇವಪ್ರಸಾದ್ ಬೇರೆ ಊರಿನ ಆಳುಗಳಿಗೆ ಫೋನು ಮಾಡಿದ, ನಾಳೆ ಬರ್ತೀವಿ ಎಂದರು. ರಾಶಿಯೊಳಗೆ ಕೈ ಇಟ್ಟು ನೋಡಿ ನಮ್ಮ ಅವ್ವ ಅಪ್ಪಂದಿರನ್ನೆಲ್ಲ ಬೈದ.

"ನೊಣ ಸೈತ ಬೀಳದ ಬ್ಯಾರನ್ ಅಲ್ವಾ ಬುದ್ದಿ? ನೀವೇ ಅತ್ತಿ" ಎಂದಳು ಭದ್ರಮ್ಮ.

ಹತ್ತಿದ. ಪಂಚೆ ಎತ್ತಿಕಟ್ಟಿ, ಹೊಟ್ಟೆ ಎಳೆದುಕೊಂಡು, ಏದುಸಿರು ಬಿಡುತ್ತ ಹತ್ತಿದ. ಸೂರಿನ ಹತ್ತಿರ ಎರಡು ಗಳಗಳ ಮೇಲೆ ಕಾಲು ಅಗಲಿಸಿ ನಿಂತಾಗ ಅವನ ಪಟ್ಟಾಪಟ್ಟಿ ಚಡ್ಡಿ ಊರಿಗೆಲ್ಲ ಕಾಣುತ್ತಿತ್ತು. ಭದ್ರಮ್ಮ ಕಡ್ಡಿ ಎತ್ತಿ ಕೊಟ್ಟಳು. ಬಾಗಿ ಹಿಡಿಯುವಾಗ ಗಳ ಲಟಕ್ ಎಂದಿತು.

"ಅಯ್ಯಯ್ಯೋ! ಏಣಿ ತನ್ರೋ! ಇಳಿಸ್ರೋ!"

ಯಾರೂ ಅಲುಗಲಿಲ್ಲ. ಮಂಚಯ್ಯ ಬಾಗಿಲಿಗೆ ಬಂದು ತಲೆ ಎತ್ತಿ ನೋಡಿದ.

"ನನ್ ಗಂಡ ಎಲ್ ಬಿದ್ದ ಬುದ್ದಿ?" ಕೇಳಿದಳು ಭದ್ರಮ್ಮ.

"ಏಣಿ..."

ಗಳ ಇನ್ನೊಮ್ಮೆ ಲಟಕ್ ಎಂದಿತು.

"ಇಲ್ಲೇ ಕಣವ್ವಾ! ಇಲ್ಲೇ ಬಿದ್ದ! ಗಳಕ್ಕೆ ಹುಳ ಬಿದ್ದಿತ್ತು ಕಣವ್ವಾ!"

ಭದ್ರಮ್ಮ ಅಣ್ಣನ ಮುಖ ನೋಡಿದಳು. ಆಮೇಲೆ ಬಗ್ಗಿ ಇನ್ನೊಂದು ಕಡ್ಡಿ ಎತ್ತಿ ಮೇಲಕ್ಕೆ ಚಾಚಿದಳು.

"ಇಡ್ಕೊಳಿ ಬುದ್ದಿ. ಬ್ಯಾರನ್ ತುಂಬ್ಬೇಕಲ್ಲ."